ಕುರ್ಚಿ ಬಿಟ್ಟು ಏಳದ ಕಾವಲುಗಾರ

ಫೋಟೊ ಹುಚ್ಚಿನವರ ಪ್ರಶ್ನೋತ್ತರ

ಈ ತಿಂಗಳು ಪ್ರವಾಸ ಮುಗಿಸಿ ಬಂದವರ ಪತ್ರಗಳೇ ಜಾಸ್ತಿ. ಹೊಸ ಓದುಗರಿಗೆ ಒಂದು ಮಾತು. ನಾನು ಸ್ಟುಡಿಯೋ ಇಟ್ಟವನಲ್ಲ. ಹಾಸನದಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹಳೇ ನಿಕಾನ್ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್, ಒಂದು ಸ್ಕೂಟರ್, ಮಗಳು ಬಿಟ್ಟುಹೋದ ಲ್ಯಾಪ್‌ಟಾಪ್. ನನ್ನ ಸರಕು ಇಷ್ಟೇ. ಹಾಗಾಗಿ ಎರಡು ಲಕ್ಷದ ಲೆನ್ಸ್ ತೆಗೆದುಕೊಳ್ಳಲೋ ಬೇಡವೋ ಅಂತ ಕೇಳಿದವರಿಗೆ ಉತ್ತರ ಕೊಟ್ಟಿಲ್ಲ, ಕ್ಷಮಿಸಿ.

ಪ್ರಶ್ನೆ: ಭಾನುವಾರ ಮಕ್ಕಳನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆವು. ಜನ ಇಲ್ಲದ ಒಂದು ಫೋಟೊ ಕೂಡ ಸಿಗಲಿಲ್ಲ. ಫೋನಿನಲ್ಲಿ ಅಳಿಸುವ ಟೂಲ್ ಇದೆ. ಅದರಲ್ಲಿ ಜನರನ್ನು ಒರೆಸಿದರೆ ಹಿಂದಿದ್ದ ಶಿಲ್ಪ ಕಲಸಿದ ಮುದ್ದೆ ಥರ ಆಗುತ್ತದೆ. ಬೇರೆ ದಾರಿ ಇದೆಯಾ ಮೇಷ್ಟ್ರೇ?
– ಅರಸೀಕೆರೆಯ ಓದುಗರು

ಉತ್ತರ: ಇದೆ. ಜನರ ಹಿಂದೆ ಏನಿತ್ತು ಅನ್ನುವುದು ಆ ಟೂಲ್‌ಗೆ ಗೊತ್ತಿಲ್ಲ. ಅದು ಊಹೆ ಮಾಡುತ್ತದೆ. ಖಾಲಿ ಗೋಡೆಯಾದರೆ ಊಹೆ ನಡೆಯುತ್ತದೆ. ಬೇಲೂರಿನ ಗೋಡೆಯಲ್ಲಿ ಖಾಲಿ ಜಾಗ ಎಲ್ಲಿದೆ ಹೇಳಿ? ಕೆಳಗಿನ ಸಾಲಿನ ಆನೆಗಳನ್ನೇ ಹತ್ತಿರದಿಂದ ನೋಡಿ, ಒಂದರ ಹಾಗೆ ಇನ್ನೊಂದಿಲ್ಲ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಗೆ ನಿಮ್ಮ ಫೋನು ಹೊಸ ಆನೆ ಕೆತ್ತುವುದು ಬೇಡ.

ಊಹೆಯಿಲ್ಲದೆ, ಕ್ಯಾಮೆರಾ ನಿಜವಾಗಿ ಕಂಡದ್ದನ್ನೇ ಜೋಡಿಸುವ ಉಪಾಯ ಒಂದಿದೆ. ಸ್ಕೂಲಿನಲ್ಲಿ ಮಧ್ಯಾಂಕ ಅಂತ ಓದಿದ್ದೀರಲ್ಲ, ಅದೇ. ಡ್ರಿಲ್ ಪೀರಿಯಡ್‌ನಲ್ಲಿ ಹುಡುಗರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವಿನವನನ್ನು ಮುಂದೆ ಕರೆಯುವುದು. ಫೋಟೊದವರು ಇದನ್ನು ಮೀಡಿಯನ್ ಅನ್ನುತ್ತಾರೆ.

ಮಾಡುವುದು ಹೀಗೆ. ಕ್ಯಾಮೆರಾ ಅಲ್ಲಾಡದಂತೆ ಇಟ್ಟು, ಅರ್ಧ ನಿಮಿಷಕ್ಕೊಂದರಂತೆ ಹದಿನೈದು ಇಪ್ಪತ್ತು ಫೋಟೊ ತೆಗೆಯಿರಿ. ಜನ ಓಡಾಡುತ್ತಾರೆ, ಕಲ್ಲು ಓಡಾಡುವುದಿಲ್ಲ. ಈಗ ಗೋಡೆಯ ಒಂದೇ ಒಂದು ಚುಕ್ಕೆ ತೆಗೆದುಕೊಳ್ಳಿ. ಕಡುಗಪ್ಪಾದರೆ 0, ಅಚ್ಚ ಬಿಳಿಯಾದರೆ 255. ಏಳು ಫೋಟೊಗಳಲ್ಲಿ ಆ ಚುಕ್ಕೆಯ ಅಂಕಿ 142, 140, 143, 35, 141, 210, 142 ಅಂತಿಟ್ಟುಕೊಳ್ಳಿ. 35 ಅಂದರೆ ಯಾರದೋ ತಲೆಗೂದಲು ಅಡ್ಡ ಬಂದಿತ್ತು. 210 ಯಾರದೋ ಬಿಳಿ ಪಂಚೆ. ಸರಾಸರಿ ಹಾಕಿದರೆ 136 ಬರುತ್ತದೆ, ಅಂದರೆ ತಲೆಗೂದಲು, ಪಂಚೆ ಎರಡೂ ದೆವ್ವದ ಹಾಗೆ ಮಸುಕಾಗಿ ಉಳಿಯುತ್ತವೆ. ಅದರ ಬದಲು ಏಳನ್ನೂ ಸಾಲಾಗಿ ನಿಲ್ಲಿಸಿ: 35, 140, 141, 142, 142, 143, 210. ನಡುವಿನದು 142. ಅದು ಕಲ್ಲಿನ ನಿಜವಾದ ಅಂಕಿ. ತಲೆಗೂದಲೂ ಇಲ್ಲ, ಪಂಚೆಯೂ ಇಲ್ಲ. ಫೋಟೊದ ಲಕ್ಷಾಂತರ ಚುಕ್ಕೆಗೂ ಕಂಪ್ಯೂಟರ್ ಇದನ್ನೇ ಮಾಡುತ್ತದೆ.

ಗಿಂಪ್ ಅನ್ನುವ ಉಚಿತ ತಂತ್ರಾಂಶಕ್ಕೆ ಜಿ'ಮಿಕ್ ಪ್ಲಗಿನ್ ಹಾಕಿಕೊಂಡರೆ, ಫೋಟೊಗಳನ್ನು ಪದರ ಪದರವಾಗಿ ತೆರೆದು ಮೀಡಿಯನ್ ಹಾಕಬಹುದು. ಇನ್ನು ಟ್ರೈಪಾಡ್. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚೆಯೇ ಅನುಮತಿ ಬೇಕು. ನಾನು ಒಂದು ಕೆಜಿ ರಾಗಿ ತುಂಬಿದ ಬಟ್ಟೆ ಚೀಲ ಒಯ್ಯುತ್ತೇನೆ. ಅದನ್ನು ಕಟ್ಟೆ ಮೇಲಿಟ್ಟು ಕ್ಯಾಮೆರಾ ಒತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ. ಅಷ್ಟಿಷ್ಟು ಸರಿದಿದ್ದರೆ ಹ್ಯೂಗಿನ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಫೋಟೊಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ.

ಒಂದು ಎಚ್ಚರಿಕೆ. ಅರ್ಧಕ್ಕಿಂತ ಜಾಸ್ತಿ ಫೋಟೊಗಳಲ್ಲಿ ಯಾರು ಒಂದೇ ಕಡೆ ಇರುತ್ತಾರೋ ಅವರು ಹೋಗುವುದಿಲ್ಲ. ನಾನು ಬೇಲೂರಿನಲ್ಲಿ ಒಂದು ಭಾನುವಾರ ಹೀಗೆ 19 ಫೋಟೊ ತೆಗೆದೆ. ಮನೆಗೆ ಬಂದು ಮೀಡಿಯನ್ ಹಾಕಿದರೆ ಮುನ್ನೂರು ನಾನೂರು ಜನ ಮಾಯ. ಅಂಗಳ ಪೂರ್ತಿ ಖಾಲಿ. ಮೂಲೆಯಲ್ಲಿ ಕಾವಲುಗಾರರೊಬ್ಬರು ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ಒಂದು ಕೂದಲೂ ಮಸುಕಾಗಿಲ್ಲ! ಹತ್ತು ನಿಮಿಷ ಅವರು ಏಳಲೇ ಇಲ್ಲ, ಪುಣ್ಯಾತ್ಮ. ಮುಂದಿನ ಸಲ ಹೋದಾಗ ಒಂದು ಪ್ರಿಂಟ್ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಅವತ್ತು ಭಾನುವಾರ ಅಂತೀರಿ, ಇಷ್ಟು ಖಾಲಿ ಇತ್ತಾ?" ಅಂದರು.

ಅಂದಹಾಗೆ ಸರಾಸರಿಯನ್ನು ಪೂರ್ತಿ ಬೈಯಬೇಡಿ. ನವರಂಗದ ಕತ್ತಲೆಯಲ್ಲಿ ತೆಗೆದ ಫೋಟೊ ರವೆ ಚೆಲ್ಲಿದ ಹಾಗೆ ಬರುತ್ತದಲ್ಲ, ಅಲ್ಲಿ ಅದೇ ಮದ್ದು. 16 ಫೋಟೊಗಳ ಸರಾಸರಿ ಹಾಕಿದರೆ ಆ ರವೆ ಕಾಲು ಭಾಗಕ್ಕೆ ಇಳಿಯುತ್ತದೆ. 16ರ ವರ್ಗಮೂಲ 4, ಲೆಕ್ಕ ಅಷ್ಟೇ.

ಪ್ರಶ್ನೆ: ಬೆಳಗ್ಗೆ ಮೂರೂವರೆಗೆ ಎದ್ದು ಬೈಕಿನಲ್ಲಿ ಮುಳ್ಳಯ್ಯನಗಿರಿಗೆ ಹೋದೆವು. ಬರೀ ಬಿಳಿ. ಎಡಿಟಿಂಗ್ ಆ್ಯಪ್‌ನಲ್ಲಿ ಡಿಹೇಜ್ ಸ್ಲೈಡರ್ ಪೂರ್ತಿ ಎಳೆದರೂ ಕೆಳಗಿನ ಕಣಿವೆ ಕಾಣುತ್ತಿಲ್ಲ.
– ಚನ್ನರಾಯಪಟ್ಟಣದ ಓದುಗರು

ಉತ್ತರ: ಕಾಣುವುದೂ ಇಲ್ಲ. ಆ ಸ್ಲೈಡರ್ ಇರುವುದು ಬೇಸಿಗೆಯ ಮುಸುಕಿಗೆ. ದೂರದ ಬೆಟ್ಟದ ಬೆಳಕು ಕ್ಯಾಮೆರಾಗೆ ಬಂದಿರುತ್ತದೆ, ಅದರ ಮೇಲೆ ಧೂಳಿನ ತೆಳು ಪರದೆ ಕೂತಿರುತ್ತದೆ. ತಂತ್ರಾಂಶ ಆ ಪರದೆಯನ್ನು ಅಂದಾಜು ಮಾಡಿ ಕಳೆಯುತ್ತದೆ. ನೀವು ಹತ್ತಿದ್ದು ಕರ್ನಾಟಕದಲ್ಲೇ ಎತ್ತರದ ಬೆಟ್ಟ, 1930 ಮೀಟರ್. ಅಷ್ಟು ಹೊತ್ತಿಗೆ ನೀವು ಮೋಡದ ಹೊಟ್ಟೆಯೊಳಗೇ ನಿಂತಿದ್ದಿರಿ. ಕಣಿವೆಯ ಬೆಳಕು ನಿಮ್ಮ ಹತ್ತಿರ ಬರಲೇ ಇಲ್ಲ. ಬಾವಿಯಲ್ಲಿ ನೀರಿಲ್ಲದಾಗ ಹಗ್ಗ ಎಷ್ಟು ಎಳೆದರೇನು?

ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನಷ್ಟೇ ಬಿಡುವ ಇನ್‌ಫ್ರಾರೆಡ್ ಫಿಲ್ಟರ್ ಹಾಕಿದರೆ ಮಂಜಿನಾಚೆ ಕಾಣುತ್ತದಂತೆ ಅಂತ ಇನ್ನೊಬ್ಬರು ಬರೆದಿದ್ದಾರೆ. ದೂರದ ಮುಸುಕಿಗಾದರೆ ಹೌದು. ದಟ್ಟ ಮಂಜಿಗೆ ಇಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ.

ಮಂಜಿನಲ್ಲಿ ಕಣಿವೆ ಬಿಡಿ, ಮಂಜನ್ನೇ ತೆಗೆಯಿರಿ. ಕ್ಯಾಮೆರಾ ಬಿಳಿಯನ್ನು ಕಂಡರೆ ಹೆದರಿ ಬೂದು ಮಾಡುತ್ತದೆ, ಹಾಗಾಗಿ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕನ್ನು ಎರಡರಷ್ಟು ಮಾಡಿ. ಹತ್ತಿರದಲ್ಲಿ ಕಪ್ಪಗಿನದು ಏನಾದರೂ ಫ್ರೇಮಿನಲ್ಲಿರಲಿ. ಗುಡಿಯ ಮೆಟ್ಟಿಲು, ಕೊಡೆ, ನಿಮ್ಮ ಗೆಳೆಯನ ಬೆನ್ನು. ಮನೆಗೆ ಬಂದು ಅದೊಂದನ್ನು ಸರಿಯಾಗಿ ಕಪ್ಪು ಮಾಡಿ ಉಳಿದದ್ದು ಮುಟ್ಟಬೇಡಿ. ಕಣಿವೆಯೇ ಬೇಕಂದರೆ ಸೀತಾಳಯ್ಯನಗಿರಿ ಹತ್ತಿರ ನಿಂತು ಕಾಯಿರಿ. ಗಾಳಿ ಎದ್ದರೆ ಎರಡು ನಿಮಿಷ ತೆರೆ ಸರಿಯುತ್ತದೆ. ನನಗೆ ಆರು ಸಲ ಹೋದಾಗ ಎರಡು ಸಲ ಸರಿದಿದೆ.

ಪ್ರಶ್ನೆ: ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳ ಫೋಟೊ ಸ್ವಲ್ಪ ಬೆಳ್ಳಗೆ ಮಾಡಿಕೊಡುವುದು ಹೇಗೆ?
– ಕಡೂರಿನ ಒಬ್ಬ ತಾಯಿ

ಉತ್ತರ: ಅದು ನಾನು ಹೇಳಿಕೊಡಲ್ಲಮ್ಮ. ಆದರೆ ನೀವು ಕಳಿಸಿದ ಫೋಟೊದಲ್ಲಿ ಹುಡುಗಿ ಬಾಳೆಗಿಡದ ಕೆಳಗೆ ಕೂತಿದ್ದಾಳೆ. ಎಲೆಯ ಹಸಿರು ಮುಖಕ್ಕೆ ಬಡಿದು ಕಾಯಿಲೆಯವಳ ಹಾಗೆ ಕಾಣುತ್ತಿದೆ, ಅವಳ ಬಣ್ಣ ಅದಲ್ಲ. ಬೆಳಗ್ಗೆ ಎಂಟೂವರೆಗೆ ಜಗಲಿಯ ನೆರಳಿನಲ್ಲಿ, ಮುಖ ಬೀದಿ ಕಡೆಗಿರುವಂತೆ ಕೂರಿಸಿ. ತೊಡೆ ಮೇಲೆ ಫ್ರೇಮಿಗೆ ಬಾರದ ಹಾಗೆ ಒಂದು ಬಿಳಿ ಟವೆಲ್ ಹಾಸಿ, ಗಲ್ಲದ ಕೆಳಗಿನ ನೆರಳು ಹೋಗುತ್ತದೆ. ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವುದನ್ನು, ಅದೇ ಟವೆಲ್ ನೋಡಿ ಸರಿಮಾಡಿ. ಅಷ್ಟು ಸಾಕು.

ಪ್ರಶ್ನೆ: ದುಡ್ಡು ಕೊಡದೆ ಸಿಗುವ ಒಳ್ಳೆ ತಂತ್ರಾಂಶ ಯಾವುದು?
– ತರೀಕೆರೆಯ ಓದುಗರು

ಉತ್ತರ: ಗಿಂಪ್, ಡಾರ್ಕ್‌ಟೇಬಲ್, ರಾಥೆರಪಿ, ಹ್ಯೂಗಿನ್. ಮೊದಲು ಒಂದನ್ನು ಕಲಿಯಿರಿ. ಕಳ್ಳ ಪ್ರತಿ ಬೇಡ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಒಂದು ಅಕ್ಷರದ ಕಲ್ಲಿದೆ. ಹಗಲಲ್ಲಿ ಫೋಟೊ ತೆಗೆದರೆ ಏನೂ ಕಾಣುವುದಿಲ್ಲ. ಸುಣ್ಣ ಬಳಿದರೆ ಕಾಣುತ್ತದೆ ಅಂತಾರೆ ನಮ್ಮಜ್ಜ. ಬಳಿಯಲಾ?
– ಬೇಲೂರು ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಬೇಡ. ಸುಣ್ಣ, ಸೀಮೆಸುಣ್ಣ, ಹಿಟ್ಟು, ಯಾವುದೂ ಬೇಡ. ತಂತಿ ಬ್ರಷ್ ಅಂತೂ ಕಲ್ಲಿನ ಹತ್ತಿರವೂ ತರಬೇಡಿ. ನಿಮಗೆ ಬೇಕಾದ್ದು ಕತ್ತಲೆ ಮತ್ತು ಒಂದು ಟಾರ್ಚು.

ರಾತ್ರಿ ಸ್ಕೂಟರಿನ ಹೆಡ್‌ಲೈಟಿನಲ್ಲಿ ರಸ್ತೆಯ ಚಿಕ್ಕ ಗುಂಡಿಯೂ ಬಾವಿಯ ಹಾಗೆ ಕಾಣುತ್ತದೆ. ಬೆಳಕು ನೆಲಕ್ಕೆ ಒರಗಿಕೊಂಡು ಬರುವುದೇ ಅದಕ್ಕೆ ಕಾರಣ. ಕಲ್ಲಿಗೂ ಹಾಗೇ. ಅಕ್ಷರದ ಅಂಚು 2 ಮಿಲಿಮೀಟರ್ ಎತ್ತರ ಇದೆ ಅಂದುಕೊಳ್ಳಿ. ಬೆಳಕು ಕಲ್ಲಿಗೆ 60 ಡಿಗ್ರಿ ಕೋನದಲ್ಲಿ ಬಿದ್ದರೆ ಅದರ ನೆರಳು 1 ಮಿಲಿಮೀಟರ್ ಚಿಲ್ಲರೆ. 10 ಡಿಗ್ರಿಯಲ್ಲಿ ಬಿದ್ದರೆ 11 ಮಿಲಿಮೀಟರ್. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಯಾಕೆ ಅಂತ ಕೇಳುತ್ತಿದ್ದ ಹುಡುಗರಿಗೆ ಇದನ್ನು ತೋರಿಸಬೇಕಿತ್ತು.

ಕ್ಯಾಮೆರಾವನ್ನು ಕಲ್ಲಿನ ನೇರಕ್ಕೆ ಟ್ರೈಪಾಡಿನಲ್ಲಿಡಿ. ಟಾರ್ಚನ್ನು ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ, ಆಮೇಲೆ ಮೇಲಿಂದ, ಕೆಳಗಿಂದ, ಕಲ್ಲಿಗೆ ಸವರಿದ ಹಾಗೆ ಹಿಡಿದು ಒಂದೊಂದು ಫೋಟೊ ತೆಗೆಯಿರಿ. ಗಿಂಪ್‌ನಲ್ಲಿ ಎಡದ ಫೋಟೊ ಮೇಲೆ ಬಲದ ಫೋಟೊ ಇಟ್ಟು, ಪದರದ ಮೋಡ್ ಅನ್ನು ಗ್ರೇನ್ ಎಕ್ಸ್‌ಟ್ರಾಕ್ಟ್ ಮಾಡಿ. ಅದು ಒಂದರಿಂದ ಇನ್ನೊಂದನ್ನು ಕಳೆದು 128 ಕೂಡಿಸುತ್ತದೆ. ಕಲ್ಲುಹೂವಿನ ಬಿಳಿ ಮಚ್ಚೆ, ಎಣ್ಣೆ ಕಲೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಹಾಗಾಗಿ ಕಳೆದು ಬೂದಾಗುತ್ತವೆ. ಅಕ್ಷರದ ನೆರಳು ಎಡಕ್ಕೊಂದು ಬಲಕ್ಕೊಂದು ಬಿದ್ದಿರುವುದರಿಂದ ಅದು ಮಾತ್ರ ಎದ್ದು ನಿಲ್ಲುತ್ತದೆ.

ಊರವರಿಗೆ ಮುಂಚೆಯೇ ಹೇಳಿಬಿಡಿ, ಇದು ಅನುಭವದ ಮಾತು. ಜಾವಗಲ್ ಕಡೆ ನಮ್ಮ ತಾಯಿಯ ಊರಿನಲ್ಲಿ ಒಂದು ವೀರಗಲ್ಲಿದೆ. ಒಂದು ಅಮಾವಾಸ್ಯೆ ರಾತ್ರಿ ನಾನೂ ನನ್ನ ಭಾವಮೈದನೂ ಹೋಗಿ ಕೂತೆವು. ಅಮಾವಾಸ್ಯೆಯನ್ನು ನಾನು ಆರಿಸಿದ್ದು ಬರೀ ಕತ್ತಲೆಗೆ. ಊರವರು ಬೇರೆಯೇ ಅರ್ಥ ಮಾಡಿಕೊಂಡರು. ಐದಾರು ಜನ ದೊಣ್ಣೆ ಹಿಡಿದು ಬಂದು, "ನಿಧಿ ತೆಗೆಯೋಕೆ ಬಂದಿದ್ದೀರೇನ್ರೋ?" ಅಂತ ಸುತ್ತುಗಟ್ಟಿದರು. ಭಾವಮೈದನ ಕೈಯಲ್ಲಿದ್ದ ಟಾರ್ಚು ನಡುಗಿ ಆ ಫೋಟೊ ಹಾಳಾಯಿತು. ನಮ್ಮ ತಾಯಿಯ ಮನೆತನದ ಹೆಸರು ಹೇಳಿದ ಮೇಲೆ ದೊಣ್ಣೆ ಕೆಳಗಿಳಿಯಿತು. ಅಲ್ಲೇ ಲ್ಯಾಪ್‌ಟಾಪ್ ತೆರೆದು ಎಡ-ಬಲ ಕಳೆದು ತೋರಿಸಿದೆ. ಬೂದಿಯ ಒಳಗಿಂದ ಎದ್ದ ಹಾಗೆ ಮೊದಲ ಸಾಲು ಬಂತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಬಗ್ಗಿ, ಬೆರಳಿಟ್ಟು, "ಸ್ವಸ್ತಿ... ಶ್ರೀ..." ಅಂತ ಕೂಡಿಸಿ ಕೂಡಿಸಿ ಓದಿದರು. ಮುಂದಿನದು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆಮೇಲೆ ಕಾಫಿ ಕೊಟ್ಟು ಕಳಿಸಿದರು.

ನಿಮ್ಮ ಕಲ್ಲು ಆಗಲೇ ದಾಖಲಾಗಿದೆಯಾ ನೋಡಲು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳನ್ನು ತೆಗೆಯಿರಿ. ಹಾಸನ ಜಿಲ್ಲೆಯದು 5ನೇ ಸಂಪುಟ, 1902ರದು. ಚಿಕ್ಕಮಗಳೂರಿನದು 6ನೇ ಸಂಪುಟ, ಆಗ ಅದಕ್ಕೆ ಕಡೂರು ಜಿಲ್ಲೆ ಅಂತ ಹೆಸರು. ಅದರಲ್ಲಿ ಇಲ್ಲದಿದ್ದರೆ ಕಲ್ಲು ಹೊಸದಿರಬಹುದು, ಸುಮ್ನೆ ಬಿಡಬೇಡಿ. ನಿಮ್ಮದೇ ತಾಲ್ಲೂಕಿನ ಹಲ್ಮಿಡಿ ಶಾಸನ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ, ರೈಸ್ ಸಂಪುಟ ಬಂದು ಮೂವತ್ತು ವರ್ಷ ದಾಟಿದ ಮೇಲೆ.

ಪ್ರಶ್ನೆ: ನೀವೂ ಯಾವುದಾದರೂ ಫೋಟೊ ಹಾಳುಮಾಡಿಕೊಂಡಿದ್ದೀರಾ, ಇಲ್ಲಾ ಬರೀ ನಮಗೆ ಬುದ್ಧಿ ಹೇಳುವುದಾ?
– ಸಕಲೇಶಪುರದ ಓದುಗರು

ಉತ್ತರ: ಹಾಳುಮಾಡಿದ್ದೇ ಜಾಸ್ತಿ. ಒಂದನ್ನು ಹೇಳುತ್ತೇನೆ. ಶೆಟ್ಟಿಹಳ್ಳಿಯ ಹಳೇ ಚರ್ಚು ಗೊತ್ತಲ್ಲ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರು ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಅದರ ಸೊಂಟದವರೆಗೆ ಬರುತ್ತದೆ, ಬೇಸಿಗೆಯಲ್ಲಿ ಒಳಗೇ ಓಡಾಡಬಹುದು. ಒಂದು ಆಗಸ್ಟ್ ಸಂಜೆ ನೀರು ಕಮಾನಿಗೆ ಸರಿಯಾಗಿ ನಿಂತಿತ್ತು. ಗಾಳಿಯಿಲ್ಲ. ಚರ್ಚು ತಲೆಕೆಳಗಾಗಿ ನೀರಿನಲ್ಲಿ. ಎರಡು ಸ್ಟಾಪ್ ಕಡಿಮೆ, ಸರಿ, ಎರಡು ಸ್ಟಾಪ್ ಜಾಸ್ತಿ ಅಂತ ಮೂರು ಫೋಟೊ ತೆಗೆದೆ.

ಆಗ ನನಗೆ ಎಚ್‌ಡಿಆರ್ ಹುಚ್ಚು, ಅಂದರೆ ಕಪ್ಪು-ಬೆಳಕಿನ ಫೋಟೊಗಳನ್ನು ಬೆರೆಸಿ ನೆರಳು, ಬೆಳಕು ಎರಡರ ವಿವರವನ್ನೂ ಒಂದೇ ಫೋಟೊದಲ್ಲಿ ತರುವುದು. ಮೂರನ್ನೂ ಬೆರೆಸಿ ಸ್ಲೈಡರ್‌ಗಳನ್ನೆಲ್ಲ ಬಲಕ್ಕೆ ತಳ್ಳಿದೆ. ಪ್ರತಿ ಇಟ್ಟಿಗೆ ಎದ್ದು ಕೂತಿತು. ಗೋಡೆಯ ಅಂಚಿಗೆ ದೇವರ ಫೋಟೊಗೆ ಇರುವ ಹಾಗೆ ಪ್ರಭಾವಳಿ ಬಂತು. ನನಗೋ ಭಾರೀ ಖುಷಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಹಾಲ್‌ನಲ್ಲಿ ತೂಗುಹಾಕಿದೆ. ಮೊದಲು ನೋಡಿದ ನಮ್ಮತ್ತಿಗೆ, "ಅಯ್ಯೋ, ಬೆಂಕಿ ಬಿದ್ದಿತ್ತಾ?" ಅಂದರು. ಅವತ್ತಿಂದ ನನಗೂ ಅದು ಹಾಗೇ ಕಾಣತೊಡಗಿತು. ಮತ್ತೆ ಮೊದಲಿಂದ ಮಾಡೋಣ ಅಂದರೆ ಮೂಲ ಫೈಲುಗಳಿಲ್ಲ. ಜಾಗ ಸಾಲದು ಅಂತ ನಾನೇ ಅಳಿಸಿದ್ದೆ, ಇನ್ನೊಬ್ಬರನ್ನು ಬೈಯುವ ಹಾಗೂ ಇಲ್ಲ. ಆಮೇಲೆ ನಾಲ್ಕು ಮಳೆಗಾಲ ಹೋಗಿದ್ದೇನೆ. ನೀರು ಸರಿಯಿದ್ದರೆ ಗಾಳಿ, ಗಾಳಿ ನಿಂತರೆ ಮಳೆ.

ಫ್ರೇಮಿನ ಗಾಜು ಈಗ ಅಟ್ಟದಲ್ಲಿದೆ. ಹಲಗೆ ಮೇಲೆ ಮನೆಯವರು ಹಪ್ಪಳ ಒಣಗಿಸುತ್ತಾರೆ. ಮೂರರಲ್ಲಿ ನಡುವಿನ ಫೋಟೊವನ್ನು ಅವತ್ತೇ ರಾತ್ರಿ ಮಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅದು ಅವಳ ಫೋನಿನಲ್ಲಿ ಉಳಿದಿತ್ತು, ಕುಗ್ಗಿ 1280 ಚುಕ್ಕೆ ಅಗಲವಾಗಿತ್ತು. ಪ್ರಿಂಟ್ ಹಾಕಿಸಿದರೆ ಚೆನ್ನಾಗಿ ಬರುವುದು ನಾಲ್ಕು ಇಂಚಿಗೆ. ಹಾಕಿಸಿದ್ದೇನೆ, ಪರ್ಸಿನಲ್ಲಿದೆ.