ಕಾಂಪೊಸಿಟ್ ವಿಮಾನಕ್ಕೆ ಪೆಟ್ಟಾದರೆ ದುರಸ್ತಿಯ ವಿಧಾನವನ್ನು ಹೇಗೆ ನಿರ್ಧರಿಸುತ್ತಾರೆ?

ತೂಕದಲ್ಲಿ ಸುಮಾರು ಅರ್ಧದಷ್ಟು ಕಾಂಪೊಸಿಟ್ (ಕಾರ್ಬನ್‌ನಂಥ ನಾರಿನ ಪದರಗಳನ್ನು ರಾಳದಿಂದ ಬೆಸೆದ ವಸ್ತು) ಇರುವ ಬೋಯಿಂಗ್ 787ರ ಬಾಗಿಲ ಬಳಿ ಸರಕಿನ ವಾಹನ ತಾಗಿತೆಂದುಕೊಳ್ಳಿ. ಅಲ್ಯೂಮಿನಿಯಮ್ ಆಗಿದ್ದರೆ ತಗ್ಗು ಬಿದ್ದು ಪೆಟ್ಟು ಕಣ್ಣಿಗೆ ಕಾಣುತ್ತಿತ್ತು. ಕಾರ್ಬನ್ ನಾರಿನ ಹೊರಮೈಯಲ್ಲಿ ಬರಿಯ ಗೀರಿದ್ದರೂ ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಆದ್ದರಿಂದ ಮೊದಲು ನಾಣ್ಯದಂಥ ವಸ್ತುವಿನಿಂದ ತಟ್ಟಿ, ಟಣ್ಣೆನ್ನುವ ಸದ್ದು ಎಲ್ಲಿ ಮಂಕಾಗುತ್ತದೆಂದು ಕೇಳುತ್ತಾರೆ. ದಪ್ಪ ಭಾಗಕ್ಕೆ ಇದು ಸಾಲದು, ಅಲ್ಟ್ರಾಸೌಂಡ್ ಬೇಕೇ ಬೇಕು. ಹಾನಿಯು ತಯಾರಕರ ಕೈಪಿಡಿಯ ಮಿತಿ ಮೀರಿದ್ದರೆ, ಬೋಲ್ಟ್ ಹಾಕಿದ ತೇಪೆಯೋ, ಇಳಿಜಾರಾಗಿ ಉಜ್ಜಿ ಅಂಟಿಸುವ ತೇಪೆಯೋ ಎಂಬ ಪ್ರಶ್ನೆ ಬರುತ್ತದೆ. ಅಂಟಿನ ತೇಪೆ ನಯವಾದದ್ದು ನಿಜ, ಆದರೆ ಮುರಿದು ನೋಡದೆ ಅದರ ಬಲವನ್ನು ಅಳೆಯಲಾಗದು. ಹಾಗಾಗಿ ಮುಖ್ಯ ರಚನೆಗಳಲ್ಲಿ, ಅದು ಪೂರ್ತಿ ಕಿತ್ತುಹೋದರೂ ಉಳಿದ ಭಾಗವು ಹಾರಾಟದಲ್ಲಿ ನಿರೀಕ್ಷಿತ ಗರಿಷ್ಠ ಭಾರವನ್ನು ತಾಳುವಂತಿದ್ದರೆ ಮಾತ್ರ ಒಪ್ಪುತ್ತಾರೆ.