ಸಿಲಿಕಾನ್ ಹಚ್ಚಿದರೂ ದೋಣಿಯ ಖಾನೆಗೆ, ತಳಕ್ಕೆ ನೀರು ಬರುತ್ತಿದೆ. ಏನು ಮಾಡಬೇಕು?

ನಿಮ್ಮದು ಹಂಗಾರಕಟ್ಟೆಯಲ್ಲಿ ಕಟ್ಟಿರುವ 18 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ಮುಂದಿನ ಖಾನೆಯಲ್ಲಿಟ್ಟ ಹಗ್ಗ, ಲೈಫ್ ಜಾಕೆಟ್ ಸದಾ ಒದ್ದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಮೂರು ಬಾಲ್ದಿ ನೀರು. ಮುಚ್ಚಳದ ಸುತ್ತ ಸಿಲಿಕಾನ್ ಹಚ್ಚಿಯೂ ಪ್ರಯೋಜನವಾಗಿಲ್ಲ ಎಂದಿದ್ದೀರಿ. ಆ ಟ್ಯೂಬನ್ನು ಈಗಲೇ ಬದಿಗಿಡಿ. ನೀರಿನ ದಾರಿ ಗೊತ್ತಾಗುವ ಮೊದಲು ಹಚ್ಚಿದ್ದೆಲ್ಲ ದಂಡ. ಅದಕ್ಕಿಂತ ಕೆಟ್ಟದ್ದೆಂದರೆ, ಸಿಲಿಕಾನ್ ಕುಳಿತ ಜಾಗದಲ್ಲಿ ಮುಂದೆ ಒಳ್ಳೆಯ ಅಂಟೂ ಹಿಡಿಯುವುದಿಲ್ಲ.

ಖಾನೆಯ ನೀರು ಮತ್ತು ತಳದ ನೀರು ಒಂದೇ ಕಡೆಯಿಂದ ಬರುತ್ತವೆ ಎಂದುಕೊಳ್ಳಬೇಡಿ. ಎರಡನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮಳೆಯಿಲ್ಲದ ರಾತ್ರಿ ದೋಣಿಯನ್ನು ಕಟ್ಟಿದಲ್ಲೇ ಬಿಡಿ. ಬೆಳಿಗ್ಗೆ ತಳದಲ್ಲಿ ನೀರಿದ್ದರೆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ. ಮಳೆ ಬಂದಾಗ ಮಾತ್ರ ತುಂಬಿದರೆ ದೋಷ ಮೇಲಿದೆ. ಓಡಿಸಿದ ಮೇಲಷ್ಟೇ ತುಂಬುವುದಾದರೆ ಬದಿಯ ಬೋಲ್ಟುಗಳನ್ನೂ, ಮೇಲ್ಭಾಗ ಮತ್ತು ತಳಭಾಗ ಸೇರುವ ಅಂಚನ್ನೂ ಅನುಮಾನಿಸಿ. ನೀರು ಉಪ್ಪೋ ಸಿಹಿಯೋ ನೋಡುವ ಪರೀಕ್ಷೆ ಬೇಸಗೆಯಲ್ಲಿ ಸರಿ. ಮಳೆಗಾಲದಲ್ಲಿ ಸ್ವರ್ಣಾ, ಸೀತಾ ಹೊಳೆಗಳು ತುಂಬಿ ಹರಿಯುವಾಗ ಕೋಡಿ ಬೆಂಗ್ರೆಯ ಅಳಿವೆಯ ಹತ್ತಿರವೂ ಹೊಳೆಯ ನೀರು ಸಿಹಿಯಾಗುತ್ತದೆ, ಆಗ ಅದನ್ನು ನೆಚ್ಚಬೇಡಿ.

ತೂತು ಕೆಳಗಿದೆ ಎಂದಾದರೆ ದೋಣಿಯನ್ನು ದಡಕ್ಕೆ ತನ್ನಿ. ತಳದ ಉದ್ದಕ್ಕೂ ಮರದ ತುಂಡುಗಳ ಆಧಾರ ಕೊಟ್ಟು, ಹೊರಗೆ ಪೂರ್ತಿ ಒರೆಸಿ, ಒಳಗೆ ನೀರು ಸುರಿಯಿರಿ. ನೂರು ಲೀಟರ್ ಧಾರಾಳ ಸಾಕು, ಅದೇ ನೂರು ಕಿಲೋ ಭಾರ. ಅರ್ಧ ಗಂಟೆ ಬಿಟ್ಟು ಹೊರಗೆ ಎಲ್ಲಿ ಜಿನುಗುತ್ತದೆಂದು ನೋಡಿ ಪೆನ್ಸಿಲ್ ಗುರುತು ಹಾಕಿ. ಹೆಚ್ಚಾಗಿ ಸಿಗುವುದು ಹಿಂಬದಿಯ ಡ್ರೈನ್ ಪ್ಲಗ್, ಅಂದರೆ ತಳದ ನೀರು ಬಿಡುವ ತೂತಿನ ಬಿರಡೆ. ಜನ ಪ್ಲಗ್ಗನ್ನೇ ಬದಲಿಸುತ್ತಾರೆ, ಆದರೆ ಸೋರುವುದು ಅದು ಕೂರುವ ಬಿಲ್ಲೆಯ ಹಿಂದಿನಿಂದ, ಬಿಲ್ಲೆಯ ಸ್ಕ್ರೂ ತೂತುಗಳಿಂದ. ಬಿಲ್ಲೆ ಬಿಚ್ಚಿ, ಹಳೆಯ ಅಂಟು ಕೆರೆದು, ಪಾಲಿಯುರೆಥೇನ್ ಸೀಲಂಟ್ ಹಾಕಿ ಮತ್ತೆ ಕೂರಿಸಿ. ಪ್ಲಗ್ಗಿನ ರಬ್ಬರ್ ರಿಂಗ್ ಸೀಳಿದ್ದರೆ ಅದನ್ನೂ ಬದಲಿಸಿ.

ಇದನ್ನು ಉದಾಸೀನ ಮಾಡಬಾರದು. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ 25 ಮಿ.ಮೀ. ತೂತಿದ್ದರೆ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಬರುತ್ತದೆ. ಅಂದರೆ ಗಂಟೆಗೆ 2,400 ಲೀಟರಿಗೂ ಹೆಚ್ಚು. ತಳದ ನೀರು ಹೊರಹಾಕಲು ಸಣ್ಣ ದೋಣಿಗಳಿಗೆ ಹಾಕುವ 500 ಗ್ಯಾಲನ್ ಪಂಪಿನ ಮೇಲೆ ಬರೆದಿರುವುದೇ ಗಂಟೆಗೆ 1,900 ಲೀಟರ್. ನೀರನ್ನು ಮೇಲಕ್ಕೆತ್ತಿ ಪೈಪಿನಲ್ಲಿ ದಾಟಿಸುವಾಗ ಅದೂ ಬಹಳಷ್ಟು ಇಳಿಯುತ್ತದೆ. ಪಂಪು ಮಳೆಗೆ, ಸಿಡಿದ ಅಲೆಗೆ. ಬಿಟ್ಟುಹೋದ ಪ್ಲಗ್ಗಿಗೆ ಅದು ಉತ್ತರವಲ್ಲ.

ಈಗ ಖಾನೆ. ಮುಚ್ಚಳದ ರಬ್ಬರ್ ಪಟ್ಟಿಯೊಂದೇ ನೀರು ತಡೆಯಬೇಕೆಂದು ನಿರೀಕ್ಷಿಸುವುದರಲ್ಲೇ ತೊಂದರೆ ಶುರುವಾಗುತ್ತದೆ. ಪಟ್ಟಿ ತಡೆಯುವುದು ಸಿಡಿತವನ್ನು. ಉಳಿದ ನೀರನ್ನು ಖಾನೆಯ ಬಾಯಿಯ ಸುತ್ತಲಿನ ಕಾಲುವೆ ಹಿಡಿದು ಹೊರಗೆ ಹಾಕಬೇಕು. ಕಾಲುವೆಗೆ ಒಂದು ಲೋಟ ನೀರು ಹಾಕಿ ನೋಡಿ. ತಕ್ಷಣ ಹೋಗದಿದ್ದರೆ ತೂತಿನಲ್ಲಿ ಮೀನಿನ ಹುರುಪೆ, ಬಲೆಯ ನೂಲು, ಮರಳು ಕೂತಿರುತ್ತದೆ. ತೂತು ಸರಿಯಾದ ಮೂಲೆಯಲ್ಲಿದೆಯೇ ಎಂಬುದನ್ನೂ ದೋಣಿ ನೀರಲ್ಲಿರುವಾಗಲೇ ನೋಡಬೇಕು. ಎಂಜಿನ್ ಭಾರಕ್ಕೆ ಹಿಂಭಾಗ ತಗ್ಗಿದಾಗ ಕಾಲುವೆಯ ಹಿಂದಿನ ಮೂಲೆ ಕೆಳಗಾಗುತ್ತದೆ. ತೂತು ಮುಂದಿದ್ದರೆ ನೀರು ಅಲ್ಲೇ ನಿಂತು ಒಳಗೆ ತುಳುಕುತ್ತದೆ. ಹಿಂದಿನ ಎರಡೂ ಮೂಲೆಗಳಲ್ಲಿ ತೂತು ಕೊಟ್ಟು, ಮುಕ್ಕಾಲು ಇಂಚಿನ ಪೈಪಿನಲ್ಲಿ ಹೊರಬದಿಗೆ ಬಿಡಿ. ಅದನ್ನು ತಳಕ್ಕೆ ಬಿಟ್ಟರೆ ಖಾನೆಯ ನೀರು ಪಂಪಿನ ತಲೆಗೆ ಬಂತು, ಅಷ್ಟೇ.

ಪಟ್ಟಿ ಸರಿ ಕೂರುತ್ತದೆಯೇ ಎಂದು ತಿಳಿಯಲು ಖಾನೆಯ ಬಾಯಂಚಿಗೆ ಸೀಮೆಸುಣ್ಣ ಉಜ್ಜಿ, ಮುಚ್ಚಳ ಹಾಕಿ ಚಿಲಕ ಬಿಗಿದು ತೆರೆಯಿರಿ. ಪಟ್ಟಿಯ ಮೇಲೆ ಬಿಳಿ ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ನೀರಿಗೆ ದಾರಿ. ಸಾಮಾನ್ಯವಾಗಿ ಅದು ಚಿಲಕಗಳ ನಡುವೆ ಮುಚ್ಚಳ ಉಬ್ಬಿದ ಕಡೆ. ಹಾಗಿದ್ದರೆ ಬೇಕಾದದ್ದು ದಪ್ಪ ಪಟ್ಟಿಯಲ್ಲ, ಇನ್ನೊಂದು ಚಿಲಕ. ನೀರು ಹೀರುವ ಸ್ಪಂಜು ಪಟ್ಟಿ ಬೇಡ, ಬಿಸಿಲು, ಮಳೆ ತಾಳುವ ಇಪಿಡಿಎಂ ಎಂಬ ರಬ್ಬರಿನದ್ದು ತನ್ನಿ. ಮುಚ್ಚಿದಾಗ ಅದು ಕಾಲುಭಾಗದಷ್ಟು ಅದುಮಿಕೊಂಡರೆ ಸಾಕು. ಪೂರ್ತಿ ಚಪ್ಪಟೆಯಾದರೆ ಬೇಗ ಸೆಟೆದು ಮತ್ತೆ ಎದ್ದುಬರುವುದಿಲ್ಲ. ಪಟ್ಟಿಯ ಎರಡು ತುದಿಗಳ ಜೋಡಣೆಯನ್ನು ಮೂಲೆಯಲ್ಲಿ ಇಡಬೇಡಿ, ಹಿಂಜಿನ ಬದಿಯ ನಡುವೆ ಇಡಿ.

ಮುಚ್ಚಳ ಸರಿಯಿದ್ದೂ ಖಾನೆ ಒದ್ದೆಯಾದರೆ ಮೇಲಿನ ಕ್ಲೀಟ್ (ಹಗ್ಗ ಕಟ್ಟುವ ಕೊಂಬು), ಕಂಬಿ, ಹಿಂಜುಗಳ ಬೋಲ್ಟು ನೋಡಿ. ಒಬ್ಬರು ಮೇಲಿಂದ ನೀರು ಹಾಯಿಸಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿಯಲಿ. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲೇರಿ, ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯದು. ಸೋರುವ ಬೋಲ್ಟಿನ ಸುತ್ತ ಮೇಲಿನಿಂದ ಸೀಲಂಟ್ ಬಳಿಯುವುದು ಕೆಲಸವಲ್ಲ, ಬಿಚ್ಚಲೇಬೇಕು. 6 ಮಿ.ಮೀ. ತೂತನ್ನು 10ಕ್ಕೆ ಕೊರೆದು, ಒಳಗಿನ ಪ್ಲೈವುಡ್ ಒಣಗಲು ಬಿಟ್ಟು, ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ ಗಟ್ಟಿಯಾಗಿ ತುಂಬಿ. ಗಟ್ಟಿಯಾದ ಮೇಲೆ ನಡುವೆ ಮತ್ತೆ 6 ಮಿ.ಮೀ. ಕೊರೆಯಿರಿ, ತೂತಿನ ಬಾಯಿಯನ್ನು ಒಂದೆರಡು ಮಿ.ಮೀ. ಅಗಲಿಸಿ. ಮುಂದೆಂದಾದರೂ ಸೀಲಂಟ್ ಬಿಟ್ಟರೂ ನೀರು ಮರ ಮುಟ್ಟುವುದಿಲ್ಲ. ಹಳೆಯ ಸಿಲಿಕಾನ್ ಇದ್ದಲ್ಲಿ ಒರೆಸಿದರೆ ಹೋಗದು, ಕೆರೆದು ಮರಳುಕಾಗದದಲ್ಲಿ ಉಜ್ಜಿ ತೆಗೆಯಿರಿ. ನಂತರ ಪಾಲಿಯುರೆಥೇನ್ ಹಾಕಿ, ಉಪ್ಪುನೀರು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟನ್ನು ಸೀಲಂಟ್ ಸ್ವಲ್ಪ ಹೊರಬರುವಷ್ಟೇ ಬಿಗಿದು ಒಂದು ದಿನ ಬಿಡಿ. ಮರುದಿನ ಕೊನೆಯ ಕಾಲು ಸುತ್ತು ಕೊಡುವಾಗ ಬೋಲ್ಟಿನ ತಲೆ ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ತಲೆ ತಿರುಗಿದರೆ ಕೂತ ಸೀಲಂಟ್ ಹರಿಯುತ್ತದೆ. ಎಂಜಿನ್ ಹೊತ್ತ ಹಿಂಬದಿ ಹಲಗೆಯ ಬೋಲ್ಟುಗಳಿಗೂ ಇದೇ ಕ್ರಮ. ಅಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನದೆ ಮಂದ ಸದ್ದು ಬಂದರೆ ಒಳಗಿನ ಪ್ಲೈವುಡ್ ಕೊಳೆತಿರಬಹುದು, ಸೀಲಂಟ್ ಹಚ್ಚುವ ಮೊದಲು ಫೈಬರ್ ಕೆಲಸದವರಿಗೆ ತೋರಿಸಿ.

ಪಂಪನ್ನು ದೋಣಿ ಖಾಲಿ ನಿಂತಾಗ ನೀರು ಸೇರುವ ತಗ್ಗಿನಲ್ಲೇ ಇಡಿ. ಒಳಗೆ ನಯವಾದ ಪೈಪ್ ಹಾಕಿ, ಸುರುಳಿ ಪೈಪು ಹರಿವು ಕಡಿಮೆ ಮಾಡುತ್ತದೆ. ಹೊರಬಾಯಿ ದೋಣಿ ತುಂಬಿದಾಗಲೂ ನೀರಿಗಿಂತ ಒಂದಡಿ ಮೇಲಿರಲಿ, ಪೈಪು ಅದಕ್ಕೂ ಮೇಲೇರಿ ಇಳಿಯಲಿ. ಇಲ್ಲದಿದ್ದರೆ ಪಂಪು ನಿಂತ ಮೇಲೆ ಹೊಳೆಯ ನೀರು ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಇದಕ್ಕೆ ಪರಿಹಾರವೆಂದು ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕುವವರಿದ್ದಾರೆ. ನಾನು ಬೇಡವೆನ್ನುತ್ತೇನೆ, ಒಂದು ಹುರುಪೆ ಸಿಕ್ಕಿದರೆ ಸಾಕು ಅದು ಕಚ್ಚಿಕೊಳ್ಳುತ್ತದೆ. ನೀರೇರಿದಾಗ ತೇಲಿ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚಿನ ವಯರ್ ಮೇನ್ ಸ್ವಿಚ್ ದಾಟದೆ ನೇರ ಬ್ಯಾಟರಿಗೆ ಹೋಗಲಿ, ಬ್ಯಾಟರಿಯ ಪಕ್ಕದಲ್ಲೇ ಪಂಪಿನ ಮೇಲೆ ಬರೆದಷ್ಟೇ ಆಂಪಿಯರಿನ ಫ್ಯೂಸ್ ಇರಲಿ. ಜೋಡಣೆಗಳು ತಳದ ನೀರು ಮುಟ್ಟದಷ್ಟು ಎತ್ತರದಲ್ಲಿರಬೇಕು. ಬರೀ ಟೇಪ್ ಸುತ್ತಿದ ಜಾಯಿಂಟ್ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ.

ನಿಮ್ಮ ಅಳತೆಯ ದೋಣಿಗೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 800 ಲೀಟರ್ ಒಳಸೇರುತ್ತದೆ. ಜೂನ್, ಜುಲೈಯಲ್ಲಿ ಉಡುಪಿಯಲ್ಲಿ ಒಂದೇ ದಿನ ಅಷ್ಟು ಸುರಿಯುವುದು ಹೊಸತಲ್ಲ. ಅದನ್ನು ಹೊರಹಾಕಲು ಸಣ್ಣ ಪಂಪಿಗೆ ಎರಡು ಮೂರು ಆಂಪಿಯರ್-ಅವರ್ ಸಾಕು, ಬ್ಯಾಟರಿಗೆ ಅದು ಭಾರವಲ್ಲ. ಕೈಕೊಡುವುದು ಕಸ ಸಿಕ್ಕಿದ ಜಾಲರಿ ಮತ್ತು ಅಂಟಿಕೊಂಡ ಫ್ಲೋಟ್. ವಾರಕ್ಕೊಮ್ಮೆ ಎರಡನ್ನೂ ತೊಳೆದು, ಫ್ಲೋಟನ್ನು ಕೈಯಲ್ಲಿ ಎತ್ತಿ ಪಂಪು ಓಡುವುದನ್ನು ನೋಡಿ. ದೋಣಿ ಸುಮ್ಮನೆ ನಿಂತಿರುವ ದಿನಗಳಲ್ಲಿ ನಡುವೆ ಬಿದಿರು ಕಟ್ಟಿ, ಇಳಿಜಾರಾಗಿ ಟಾರ್ಪಾಲು ಹೊದಿಸಿ.

ಖಾನೆ ಸೋರದಂತಾದ ಮೇಲೂ ಒದ್ದೆ ಹಗ್ಗ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತದೆ, ಗಾಳಿಕಿಂಡಿ ಬೇಕು. ಪೆಟ್ರೋಲ್, ಸೀಮೆಎಣ್ಣೆ ಕ್ಯಾನುಗಳನ್ನು ಮಾತ್ರ ಯಾವ ಕಾರಣಕ್ಕೂ ಈ ಖಾನೆಯಲ್ಲಿ ಇಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳಕ್ಕಿಳಿದು ನಿಲ್ಲುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ಫೋನ್, ಕಾಗದಪತ್ರ, ಫ್ಲೇರ್‌ಗಳಿಗೆ (ಅಪಾಯ ಸೂಚಿಸುವ ಬೆಂಕಿ ಕಡ್ಡಿಗಳಿಗೆ) ರಬ್ಬರ್ ರಿಂಗಿನ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಇಟ್ಟು, ಅದನ್ನು ಕೈಗೆ ಸಿಗುವಲ್ಲಿ ಕಟ್ಟಿಡಿ.