ಆರ್ಚ್ ಅಪ್‌ಡೇಟ್ ಆದ ಮೇಲೆ ಹಳೆ ಪೈಥಾನ್ ಪ್ರೋಗ್ರಾಂ ಓಡುತ್ತಿಲ್ಲ, ಏನು ಮಾಡಲಿ?

ನಿಮ್ಮ ಒಂದು ಪ್ರೋಗ್ರಾಂಗೆ ಪೈಥಾನ್ ಭಾಷೆಯ 3.11 ವರ್ಷನ್ ಬೇಕು, ಇನ್ನೊಂದಕ್ಕೆ 3.13. ನಿಮ್ಮ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ ಆರ್ಚ್ ಲಿನಕ್ಸ್‌ನಲ್ಲಿ ಇರುವುದು ಹೊಸದೊಂದೇ, ಅದನ್ನು ಹಳೆ ವರ್ಷನ್‌ಗೆ ಇಳಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಇಳಿಸಬೇಡಿ. ನಾನು ಇಳಿಸಿ ನೋಡಿದ್ದೇನೆ.

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಕಾಟಾ ಮೇಲೆ ಲಾರಿ ನಿಂತಾಗ ತೂಕ ಓದಿ ಚೀಟಿ ತೆಗೆಯುವ ಪ್ರೋಗ್ರಾಂ ನಾನೇ ಬರೆದಿದ್ದು. 2024ರ ಡಿಸೆಂಬರ್, ಭತ್ತದ ಸುಗ್ಗಿ. ಬೆಳಿಗ್ಗೆ ಸುಮ್ನೆ ಅಪ್‌ಡೇಟ್ ಕೊಟ್ಟೆ. ಪೈಥಾನ್ 3.12 ಹೋಗಿ 3.13 ಬಂತು. ಕಾಟಾದಿಂದ ತೂಕ ಓದಲು ಬಳಸುವ ಲೈಬ್ರರಿ ಪೈಸೀರಿಯಲ್ ಸಿಗುತ್ತಿಲ್ಲ ಎಂದು ಪ್ರೋಗ್ರಾಂ ನಿಂತಿತು. ಗೇಟಿನವರೆಗೆ ಟ್ರ್ಯಾಕ್ಟರ್ ಸಾಲು. ಅವತ್ತು ಎಲ್ಲ ಚೀಟಿಯನ್ನೂ ಕೈಯಲ್ಲೇ ಬರೆದು ಕೊಟ್ಟೆವು.

ಪೈಸೀರಿಯಲ್ ಎಲ್ಲೂ ಹೋಗಿರಲಿಲ್ಲ. ಲೈಬ್ರರಿಗಳು ಇರುವ ಫೋಲ್ಡರ್ ಹೆಸರಿನಲ್ಲೇ ವರ್ಷನ್ ಇರುತ್ತದೆ. ಪೈಥಾನ್ ಲೈಬ್ರರಿ ಹಾಕುವ ಟೂಲ್ ಪಿಪ್‌ನಿಂದ ನಾನು ಹಾಕಿದ್ದು 3.12ರ ಫೋಲ್ಡರ್‌ನಲ್ಲಿ ಉಳಿದಿತ್ತು, ಹೊಸ ಪೈಥಾನ್ 3.13ರ ಫೋಲ್ಡರ್‌ನಲ್ಲಿ ಹುಡುಕುತ್ತಿತ್ತು. ಇದು ತಿಳಿಯದೆ ರಾತ್ರಿ, ಆರ್ಚ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಟೂಲ್ ಪ್ಯಾಕ್‌ಮ್ಯಾನ್ ಹಳೆ ಪ್ಯಾಕೇಜ್‌ಗಳನ್ನು ಉಳಿಸಿಡುವ ಕ್ಯಾಶ್‌ನಿಂದ 3.12 ಮತ್ತೆ ಹಾಕಿದೆ. ಪ್ರೋಗ್ರಾಂ ಓಡಿತು, ಆದರೆ ಪ್ರಿಂಟರ್ ಸೆಟ್ ಮಾಡುವ ಟೂಲ್ ತೆರೆಯಲಿಲ್ಲ. ಅದು ಕೂಡ ಪೈಥಾನ್‌ನಲ್ಲೇ ಬರೆದದ್ದು, 3.13ಕ್ಕೆ ಕಟ್ಟಿ ಬಂದಿತ್ತು. ಆರ್ಚ್‌ನಲ್ಲಿ ಒಂದನ್ನು ಮಾತ್ರ ಹಿಂದೆ ಇಟ್ಟುಕೊಂಡರೆ ಹೀಗೇ ಆಗುತ್ತದೆ. ಸಿಸ್ಟಂ ಪೈಥಾನ್ ಸಿಸ್ಟಂನದ್ದು, ನಮ್ಮ ಕೆಲಸಕ್ಕೆ ನಮ್ಮದೇ ಬೇರೆ ಇರಬೇಕು.

ಹಾಗಾದರೆ ವೆನ್ವ್, ಅಂದರೆ ಒಂದು ಪ್ರೋಗ್ರಾಂನ ಲೈಬ್ರರಿಗಳನ್ನು ಬೇರೆಯಾಗಿ ಇಡುವ ಫೋಲ್ಡರ್, ಸಾಕಲ್ವಾ ಅಂತ ನಿಮಗನಿಸಬಹುದು. ಸಾಲದು. ಸಿಸ್ಟಂ ಪೈಥಾನ್‌ನಿಂದ ಮಾಡಿದ ವೆನ್ವ್ ಒಳಗೆ ಇರುವುದು ಅದೇ ಪೈಥಾನ್‌ಗೆ ಒಂದು ಲಿಂಕ್ ಅಷ್ಟೆ. ಅದು ಬದಲಾದರೆ ವೆನ್ವ್ ಕೂಡ ಕೆಡುತ್ತದೆ.

ನಾನು ಈಗ ಬಳಸುವುದು ಬೇರೆ ಬೇರೆ ಪೈಥಾನ್ ವರ್ಷನ್ ನೋಡಿಕೊಳ್ಳುವ ಯುವಿ ಎಂಬ ಟೂಲ್. ಪ್ಯಾಕ್‌ಮ್ಯಾನ್‌ನಲ್ಲೇ ಸಿಗುತ್ತದೆ. 'ಯುವಿ ಪೈಥಾನ್ ಇನ್‌ಸ್ಟಾಲ್ 3.11' ಅಂದರೆ ರೆಡಿ ಇರುವ ಪೈಥಾನನ್ನು ನಿಮ್ಮ ಹೋಂ ಫೋಲ್ಡರ್‌ಗೆ ತಂದಿಡುತ್ತದೆ. ಪ್ಯಾಕ್‌ಮ್ಯಾನ್ ಅದನ್ನು ಮುಟ್ಟುವುದಿಲ್ಲ. ಆಮೇಲೆ ಹಳೆ ಪ್ರೋಗ್ರಾಂ ಫೋಲ್ಡರ್‌ನಲ್ಲಿ 'ಯುವಿ ಪೈಥಾನ್ ಪಿನ್ 3.11' ಕೊಡಿ, ಆ ಫೋಲ್ಡರ್‌ಗೆ ಆ ವರ್ಷನ್ ನಿಗದಿಯಾಗುತ್ತದೆ; ಹೊಸದರಲ್ಲಿ 3.13 ಕೊಡಿ. ಎರಡೂ ಒಂದೇ ಕಂಪ್ಯೂಟರ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಪೈಎನ್ವ್ ಎಂಬ ಟೂಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಪೈಥಾನನ್ನು ಸೋರ್ಸ್ ಕೋಡ್‌ನಿಂದ ನಿಮ್ಮ ಕಂಪ್ಯೂಟರ್‌ನಲ್ಲೇ ಕಟ್ಟುತ್ತದೆ. ನಮ್ಮ ಮಿಲ್ಲಿನಂಥ ಹಳೆ ಕಂಪ್ಯೂಟರ್‌ಗೆ ಜಾಸ್ತಿ ಹೊತ್ತು ಹಿಡಿಯುತ್ತದೆ.

'ಎಕ್ಸ್‌ಟರ್ನಲಿ ಮ್ಯಾನೇಜ್ಡ್' (ಈ ಪೈಥಾನನ್ನು ನೋಡಿಕೊಳ್ಳುವುದು ಪ್ಯಾಕ್‌ಮ್ಯಾನ್) ಅಂತ ಪಿಪ್ ತಡೆದರೆ ಒತ್ತಾಯ ಮಾಡಿ ದಾಟಬೇಡಿ. ನಾನು ಅದನ್ನು ದಾಟಿಯೇ ಪೈಸೀರಿಯಲ್ ಹಾಕಿದ್ದೆ. ಬಳಕೆದಾರರೇ ಹಂಚಿಕೊಳ್ಳುವ ಆರ್ಚ್ ಯೂಸರ್ ರೆಪಾಸಿಟರಿಯಿಂದ ಹಾಕಿದ ಪೈಥಾನ್ ಪ್ಯಾಕೇಜ್‌ಗಳಿದ್ದರೆ, ವರ್ಷನ್ ಬದಲಾದಾಗ ಅವನ್ನೂ ಮತ್ತೆ ಕಟ್ಟಬೇಕು.

ಇನ್ನೊಂದು. ನಿಮ್ಮ ಪ್ರೋಗ್ರಾಂ 3.11 ಕೇಳುವುದು, ಲೈಬ್ರರಿ ಕಟ್ಟಿ ಹಾಕಲು ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್‌ಗಾಗಿ ಇರಬಹುದು, 3.12ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಎರರ್‌ನಲ್ಲಿ ಆ ಹೆಸರು ಕಂಡರೆ ಮೊದಲು ಅದನ್ನು ಕೇಳುತ್ತಿರುವ ಲೈಬ್ರರಿಯ ಹೊಸ ಆವೃತ್ತಿ ಇದೆಯಾ ನೋಡಿ. ಇದ್ದರೆ 3.13ರಲ್ಲೇ ಓಡಬಹುದು. ಎರರ್ ಇಲ್ಲಿ ಹಾಕಿ, ಸಂಜೆ ಕಾಟಾ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.